ಪ್ಲೇಟಿಗೆ ಹೋದ ತೊಟ್ಟಿಲ ಮಟ್ಟು

ಆಗೂದಿಲ್ಲ ಎಂದವನು ನನ್ನ ಸೋದರಮಾವ. “ಕುರಿ ಹಿಂದ ಹೋಗೋ ಮನಿಯಾಗ ಡಾಕ್ಟರೇಟು? ಅದೂ ಸತ್ತಾತನ ತಂತಿ ಮ್ಯಾಲ? ಆಗೂದಿಲ್ಲ ಬಿಡವ್ವ,” ಎಂದು ಎಲ್ಲರ ಮುಂದೆ ನಕ್ಕ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ.

ಸತ್ತಾತ ಅಂದರೆ ನನ್ನ ಮುತ್ತಜ್ಜ, ಅಜ್ಜಿಯ ಅಪ್ಪ. ಹರಪನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಹಿಂದೆ ಕುರಿ ಬಿಟ್ಟು ಹೋದವನು. ಅಲ್ಲಿ ಮ್ಯಾಂಡೋಲಿನ್ ಕಲಿತ, ತಾನೇ ಮಟ್ಟು ಕಟ್ಟತೊಡಗಿದ. ಅವನು ನುಡಿಸುವುದನ್ನು ಕೇಳಲೆಂದೇ ಹಡಗಲಿ, ಮಾಗಳದ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಕಂಪನಿಯವರು ಬೆಂಗಳೂರಿಗೆ ಕರೆದೊಯ್ದು ಗ್ರಾಮಫೋನ್ ಪ್ಲೇಟು ಮಾಡಿಸಿದರು. ಊರಿಗೆ ಮರಳಿದವನು ಮತ್ತೆ ವಾದ್ಯ ಮುಟ್ಟಲಿಲ್ಲ. ಬಹಳ ದಿನ ಬದುಕಲೂ ಇಲ್ಲ.

ಆ ಮ್ಯಾಂಡೋಲಿನ್ ನಮ್ಮ ದೇವರ ಜಗಲಿಯ ಮೇಲಿದೆ. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಎಡೆಯಿಟ್ಟು, ಎಣ್ಣೆ ಸವರಿ, ಅರಿಶಿನದ ಭಂಡಾರ ಬಳಿಯುತ್ತೇವೆ. ಭಕ್ತಿಯಿಂದಲೇ ಹಾಳು ಮಾಡಿದ್ದೇವೆ. ಮರ ಬಿರಿದಿದೆ, ತಂತಿಗಳು ಒಂದೊಂದಾಗಿ ಹರಿದು ಒಂದೇ ಉಳಿದಿದೆ. ಮನೆಯಲ್ಲಿ ಅವನ ಮಟ್ಟು ಗುನುಗಿದರೆ ಸತ್ತವನು ಮರಳಿ ಬರುತ್ತಾನೆ, ಯಾರೂ ಗುನುಗಕೂಡದು ಎಂದು ಅಜ್ಜಿಯ ತಾಯಿ ಕಟ್ಟಪ್ಪಣೆ ಮಾಡಿದ್ದಳು.

ಕೊಟ್ಟೂರಿನ ವ್ಯಾಪಾರಸ್ಥರೊಬ್ಬರ ಅಟ್ಟದಲ್ಲಿ ಒಂದು ಪ್ಲೇಟು ಸಿಕ್ಕಿತು. ಅದರ ಚೀಟಿಯ ಮೇಲೆ ನುಡಿಸಿದವನು ಮುತ್ತಜ್ಜ ಎಂದಿತ್ತು, ಮಟ್ಟು ಮಾತ್ರ ಕಂಪನಿಯ ಹಾರ್ಮೋನಿಯಂ ಮಾಸ್ತರರದು ಎಂದಿತ್ತು. “ನಿಮ್ಮ ಮುತ್ತಜ್ಜನದೇ ಅನ್ನೋಕೆ ಆಧಾರ ತರ್ರಿ. ಇಲ್ದಿದ್ರೆ ಆ ಅಧ್ಯಾಯ ತೆಗೀರಿ,” ಎಂದರು ನನ್ನ ಮಾರ್ಗದರ್ಶಕರು. ಆ ಅಧ್ಯಾಯ ಹೋದರೆ ಪ್ರಬಂಧದಲ್ಲಿ ಉಳಿಯುವುದೇನೂ ಇರಲಿಲ್ಲ.

ಪ್ಲೇಟು ಹಾಡಿಸುವ, ಕೀ ಕೊಡುವ ಪೆಟ್ಟಿಗೆಯನ್ನೂ ಆ ವ್ಯಾಪಾರಸ್ಥರಲ್ಲೇ ಬೇಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮಧ್ಯಾಹ್ನ ಪಡಸಾಲೆಯಲ್ಲಿ ಪ್ಲೇಟು ಹಾಕಿದೆ. ಶೇಂಗಾ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು. ಮೂರು ನಿಮಿಷಕ್ಕೆ ಒಂದು ಬದಿ ಮುಗಿಯಿತು, ಮಟ್ಟು ನಡುವೆಯೇ ಕಡಿಯಿತು. ಸೂಜಿ ಬರೀ ಕರಕರ ಎನ್ನುತ್ತಿದ್ದಾಗ ಅಜ್ಜಿ ಮುಂದಿನದನ್ನು ಗುನುಗಿದಳು.

ಪ್ಲೇಟು ತಿರುವಿ ಹಾಕಿದೆ. ಅವಳು ಗುನುಗಿದ್ದೇ ಬಂತು, ಸ್ವರಕ್ಕೆ ಸ್ವರ. ಒಳಗೆ ಜಗಲಿಯ ಮೇಲೆ ಆ ಒಂಟಿ ತಂತಿ ಝುಂ ಎಂದಿತು. ಒಂದು ಸದ್ದಿಗೆ ಇನ್ನೊಂದು ತಂತಿ ಮಿಡಿಯುತ್ತದೆ ಎಂದು ಓದಿದ್ದೇನೆ, ಬರೆದೂ ಇದ್ದೇನೆ. ಆದರೂ ಎದ್ದುಹೋಗಿ ನೋಡುವ ಧೈರ್ಯ ಬರಲಿಲ್ಲ.

“ನನ್ನ ತಮ್ಮನ ತೊಟ್ಟಿಲ ಮುಂದ ಅಪ್ಪ ಕಟ್ಟಿದ್ದಿದು,” ಎಂದಳು ಅಜ್ಜಿ. “ದಿನಾ ಒಂದೀಟು ಕೂಡಸ್ತಿದ್ದ. ಅದಾದ ಮ್ಯಾಲ ಕಂಪನಿಯವರ ಕಿವಿಗೆ ಬಿತ್ತು.”

“ಆ ಕೂಸು?”

“ಅಪ್ಪ ಪ್ಲೇಟಿಗೆ ಹೋದಾಗ ತೀರಿಕೊಂತು. ಮಣ್ಣು ಮಾಡಿ ಮೂರು ದಿನಕ್ಕ ಬಂದ.”

“ಇದನ್ನ ಫೋನಿನಾಗ ಹಿಡೀಲೇನಜ್ಜಿ?”

ಅವಳು ಜಗಲಿಯ ಕಡೆಗಿನ ಕತ್ತಲೆ ನೋಡಿದಳು. “ಹಿಡಿ. ಬಂದ್ರ ನನ್ನ ಕೇಳ್ತಾನ, ನಿನ್ನಲ್ಲ.”

ಇನ್ನೊಮ್ಮೆ ಹೇಳಿದಳು, ಗುನುಗಿದಳು. ಫೋನಿನಲ್ಲಿ ಹಿಡಿದದ್ದನ್ನು ಮಾರ್ಗದರ್ಶಕರು ಎರಡು ಸಲ ಕೇಳಿದರು. ನುಡಿಸಿದವನ ಮಗಳ ಹೇಳಿಕೆ ಎಂದು ಸ್ಪಷ್ಟವಾಗಿ ಬರೆಯಲು ಹೇಳಿ ಅಧ್ಯಾಯ ಉಳಿಸಿದರು.

ಪದವಿ ಪತ್ರ ತಂದು ಅಜ್ಜಿಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. “ಮಟ್ಟು ನಿಮ್ಮಪ್ಪಂದ ಅಂತ ಪುಸ್ತಕದಾಗ ಬಂತಜ್ಜಿ. ಇನ್ನ ಆತಗ ಸಮಾಧಾನ ಆಗ್ತೈತಿ,” ಎಂದೆ.

“ಆತ ಹೆಸರು ಕೇಳ್ಕೊಂಡು ಬರಾಂವಲ್ಲವ್ವ,” ಎಂದಳು. “ಕೂಸು ಮಲಗೈತೇನು ಅಂತ ಕೇಳ್ತಾನ.”