ಚಾಕಣದಲ್ಲಿ ಚೈನಿನ ಸದ್ದು

ಪುಣೆ ದಾಟಿ ಚಾಕಣದ ಹತ್ತಿರ ಬರುವಷ್ಟರಲ್ಲಿ ನನ್ನ ಬೈಕಿನ ಹಿಂಭಾಗದ ಕಟಕಟ ಸದ್ದು ಜೋರಾಯಿತು. ಎಸ್‌ಟಿಡಿ ಬೂತಿನ ಪಕ್ಕದ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಕರ್ನಾಟಕದ ನಂಬರು ನೋಡಿ ಮೆಕ್ಯಾನಿಕ್‌ನ ಹೆಂಡತಿ ಕನ್ನಡದಲ್ಲೇ ಹೇಳಿದಳು: "ಏನಿದ್ರೂ ನನಗ ಹೇಳ್ರಿ. ಕಾರ್ಖಾನಿ ಪ್ರೆಸ್ ಮಶೀನ್ ಸದ್ದಿನಾಗ ದುಡದು ಇವರ ಕಿವಿ ಹೋಗ್ಯಾವ್ರಿ."

ಕಿವಿ ಕೇಳದವನು ಸದ್ದನ್ನು ಹೇಗೆ ಹುಡುಕಿಯಾನು? ಮುಂದೆ ಘಾಟಿ ಬೇರೆ ಇತ್ತು.

ಆತ ಬೈಕನ್ನು ಸ್ಟ್ಯಾಂಡಿಗೇರಿಸಿ ಹಿಂದಿನ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸತೊಡಗಿದ. ಆಕೆ ಹಿಂದೆ ನಿಂತು, ಅವನ ಭುಜಕ್ಕೆ ತಾಗದ ಹಾಗೆ ಮೇಲೆ ಕೈ ಹಿಡಿದಳು. ಚೈನು ಕಟ್ ಎಂದೊಡನೆ ಭುಜ ತಟ್ಟಿದಳು. ಚಕ್ರ ನಿಂತಿತು. ಅಲ್ಲೇ ಚೈನಿನ ಒಂದು ಕೊಂಡಿ ಬಿಗಿದುಕೊಂಡಿತ್ತು.

"ನೀವು ಗ್ರೀಸ್ ಹಚ್ಚೀರಿ, ಅದರ ಮ್ಯಾಲೆ ಧೂಳ ಕೂತು ಬಿಗಿ ಆಗ್ಯದ. ಚೈನಿಗೆ ಗೇರ್ ಆಯಿಲ್ ಹಾಕ್ಬೇಕ್ರಿ!" ಆತ ಕೂಗಿದಂತೆ ಹೇಳಿದ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೊಂಡಿ ಸಡಿಲಿಸಿ, ಆಯಿಲ್ ಬಿಟ್ಟ.

ಮತ್ತೆ ಚಕ್ರ ತಿರುಗಿಸಿದ. ಸದ್ದು ಬರಲಿಲ್ಲ, ಆಕೆಯ ಕೈಯೂ ಬೀಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ತಿರುಗಿಸಿದ. ಆಮೇಲೆ ಚಕ್ರ ಬಿಟ್ಟು, ಆಕೆ ಅಲ್ಲಿದ್ದಾಳೋ ಇಲ್ಲವೋ ಎಂದು ಗಾಬರಿಯಿಂದ ಹಿಂದೆ ತಿರುಗಿ ನೋಡಿದ.