ಲಚ್ಯಾಣದ ರೇಣವ್ವ ಕಟ್ಟಿದ ಪದ

ಬೆಳಗಿನ ಐದೂವರೆ. ಇಂಡಿ ತಾಲ್ಲೂಕಿನ ಲಚ್ಯಾಣದ ತೋಟವೊಂದರಲ್ಲಿ ಯಶೋಧಾ ಸೆರಗು ಬಿಗಿದು ನಿಂಬೆ ಗಿಡದೊಳಗೆ ಕೈ ತೂರಿಸುತ್ತಾರೆ. ಮುಳ್ಳು ಗೀರುತ್ತದೆ. ಬೈಯುವ ಬದಲು ಹಾಡುತ್ತಾರೆ: ‘ಮುಳ್ಳಿಗಂಜಬ್ಯಾಡ...’ ಪಕ್ಕದ ಸಾಲಿನಲ್ಲಿ ಹಣ್ಣು ಕೀಳುತ್ತಿರುವ ಗೆಳತಿ ಬಿಬಿಜಾನ ಅದನ್ನೇ ಎತ್ತಿಕೊಳ್ಳುತ್ತಾರೆ.

‘ಮುಳ್ಳಿಗಂಜಬ್ಯಾಡ, ಕೈ ಚಾಚ ತಂಗಿ’ ಎಂಬ ಸಾಲನ್ನು ಮೊಬೈಲಿನಲ್ಲಿ ಹನ್ನೊಂದು ಲಕ್ಷ ಮಂದಿ ಕೇಳಿದ್ದಾರೆ. ಸಿಂದಗಿಯ ಮದುವೆಗಳಲ್ಲಿ ಡಿಜೆ ಹಾಕಿ ಕುಣಿದಿದ್ದಾರೆ, ಬಸವನ ಬಾಗೇವಾಡಿಯ ಆಟೊಗಳಲ್ಲಿ ಅದೇ ಬಡಿಯುತ್ತದೆ. ಹಾಡಿದಾಕೆ ಮಾತ್ರ ಐವತ್ತೆರಡರ ವಯಸ್ಸಿನಲ್ಲೂ ದಿನಕ್ಕೆ ಮೂರು ಚೀಲ ಹಣ್ಣು ಕೀಳುತ್ತಾರೆ. ಅದರ ಬಗ್ಗೆ ಅವರಿಗೆ ತಕರಾರಿಲ್ಲ. ತಕರಾರು ಬೇರೆಯೇ ಇದೆ.

ಪದ ಕಟ್ಟಿದ್ದು ಅವರ ಅತ್ತೆ ರೇಣವ್ವ. ಹೊಸದಾಗಿ ಸೊಸೆಯಾಗಿ ಬಂದ ಯಶೋಧಾ ಕೈಗೆ ಮುಳ್ಳು ಚುಚ್ಚಿ ಅತ್ತಾಗ, ಗಿಡದ ಬುಡದಲ್ಲೇ ನಿಂತು ಹಾಡಿದ್ದಂತೆ. ಕಟ್ಟಿದವರ ಹೆಸರು ಕೊನೆಯ ನುಡಿಯಲ್ಲಿ ಬರುವುದು ಇಲ್ಲಿನ ರೂಢಿ. ಹಣ್ಣು ಸಾಗಿಸುವ ಟಂಟಂ ಚಾಲಕ ಮುತ್ತುರಾಜ ಮೊಬೈಲಿನಲ್ಲಿ ಹಿಡಿದು ಹಾಕಿದ್ದು ಮೊದಲ ಮೂವತ್ತು ಸೆಕೆಂಡು ಮಾತ್ರ. ರೇಣವ್ವ ಅದರಲ್ಲಿ ಬರುವುದೇ ಇಲ್ಲ.

“ಅತ್ತಿ ತೀರಿಕೊಂಡು ಆರು ವರ್ಷಾತ್ರಿ. ಒಂದು ಫೋಟೋ ಸುದ್ದಾ ಇಲ್ಲ. ಆಕಿ ಇದ್ದಳು ಅನ್ನಾಕ ಉಳಿದದ್ದು ಆ ಒಂದು ಸಾಲು. ಅದನ್ನ ಕತ್ತರಿಸಿದ್ರ ಹ್ಯಾಂಗ್ರಿ?”

ಪೂರ್ತಿ ಹಾಕೆಂದು ಕೇಳಿದರು. “ಅಷ್ಟುದ್ದ ಯಾರೂ ನೋಡಂಗಿಲ್ಲ ಕಾಕಿ” ಎಂದ ಮುತ್ತುರಾಜ. ಅವನ ಮಾತು ಸುಳ್ಳೂ ಅಲ್ಲ. ಮುದ್ದೇಬಿಹಾಳದಲ್ಲಿ ಕಾರ್ಯಕ್ರಮಕ್ಕೆ ಕರೆದವರು ಶಾಲು ಹೊದಿಸಿ, ಹತ್ತು ನಿಮಿಷ ಭಾಷಣ ಬಿಗಿದು, ಹಾಡಿನ ಎರಡನೇ ನುಡಿಗೇ ‘ಸಾಕು’ ಎಂದು ಕೈಸನ್ನೆ ಮಾಡಿದರು. ಕೇಳುವ ವ್ಯವಧಾನವಿಲ್ಲದ ಮೇಲೆ ಕರೆಯುವುದಾದರೂ ಏಕೆ? ಮರಳುವ ಬಸ್ಸಿನಲ್ಲೇ ಯಶೋಧಾ ಗಟ್ಟಿ ಮನಸ್ಸು ಮಾಡಿದ್ದರು. ಮರುದಿನ ತೋಟದಲ್ಲಿ ಪಲ್ಲವಿಯೇ ಬದಲಾಗಿತ್ತು: ‘ಮುಳ್ಳಿಗಂಜಬ್ಯಾಡ, ಅಂದಾಳ ರೇಣವ್ವ, ಕೈ ಚಾಚ ತಂಗಿ...’

ಬಿಬಿಜಾನ ಎತ್ತಿಕೊಳ್ಳಲಿಲ್ಲ. “ಹೆಸರು ಮೊದಲ ಹೇಳೂದು ಸೊಕ್ಕು. ರೇಣವ್ವನೂ ಒಪ್ತಿದ್ದಿಲ್ಲ” ಎಂದವರೇ ಎಂಟು ದಿನ ಬಾಯಿ ಬಿಡದೆ ಹಣ್ಣು ಕಿತ್ತರು. ಯಶೋಧಾ ಇಬ್ಬರ ಸಾಲನ್ನೂ ಒಬ್ಬರೇ ಹಾಡಿದರು. ಒಂಬತ್ತನೇ ದಿನ ಗಂಟಲು ಕಟ್ಟಿ ನಡುವೆಯೇ ನಿಂತಾಗ ಪಕ್ಕದ ಸಾಲಿನಿಂದ ಬಂತು: ‘ಅಂದಾಳ ರೇಣವ್ವ...’

“ಮತ್ತೇನ್ ಮಾಡೂದ್ರಿ? ನನಗೂ ಹಣ್ಣು ಕೀಳೂದು ಕಲಿಸಿದಾಕಿ ಆಕೀನ” ಎನ್ನುತ್ತಾರೆ ಬಿಬಿಜಾನ.

ಹೊಸ ತುಣುಕನ್ನು ಮುತ್ತುರಾಜನೇ ಹಾಕಿದ್ದಾನೆ. ನೋಡಿದವರು ಇನ್ನೂ ನಾಲ್ಕು ಸಾವಿರ. ಯಶೋಧಾ ತಲೆ ಕೆಡಿಸಿಕೊಂಡಿಲ್ಲ. “ಇನ್ನ ಎಲ್ಲಿ ಬೇಕಲ್ಲಿ ಕತ್ತರಿಸ್ಲಿ. ಅತ್ತಿ ನಡುವ ಕುಂತಾಳ.”

ಚೀಲದ ಬಾಯಿ ಕಟ್ಟಿ ಏಳುವಾಗ ನನ್ನ ನೋಟ್‌ಬುಕ್ಕಿನತ್ತ ಕಣ್ಣು ಹಾಯಿಸುತ್ತಾರೆ. “ನಿಮ್ಮ ಪೇಪರದಾಗೂ ಜಾಗ ಸಾಲದಿದ್ರ ಕಡೀದನ್ನ ಕತ್ತರಿಸ್ತೀರಿ, ಹೌದಲ್ರಿ?”

ಹೌದೆಂದು ಒಪ್ಪಿಕೊಳ್ಳುತ್ತೇನೆ.

“ಹಂಗಿದ್ರ ಅತ್ತಿ ಹೆಸರು ಎಲ್ಲಾಕ್ಕಿಂತ ಮ್ಯಾಲ ಬರೀರಿ. ನನ್ನದು ಹೋದ್ರೂ ನಡೀತೈತಿ.”