ಗುಡ್ಡ ಹತ್ತುವ ಗಾಲಿಕುರ್ಚಿ

ಸೊಂಟದ ಕೆಳಗೆ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟ ಮೇಲೆ ನಾನು ಮಣ್ಣಿನ ನೆಲದ ಮೇಲೆ ಓಡಾಡಿರಲೇ ಇಲ್ಲ. ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದಿತ್ತು. ತೆಗೆದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆಮೇಲಿನ ವರ್ಷಗಳಲ್ಲಿ ನನ್ನ ಗಾಲಿಕುರ್ಚಿ ಕಂಡದ್ದೆಲ್ಲ ಟೈಲ್ಸು, ಸಿಮೆಂಟು, ಡಾಂಬರು. ಮನೆಯೊಳಗೆ ಚೆನ್ನಾಗಿ ತಿರುಗುತ್ತಿತ್ತು. ಅಂಗಡಿ, ಆಸ್ಪತ್ರೆ, ಮದುವೆ ಹಾಲ್ ಎಲ್ಲಾ ಹೇಗೋ ನಡೆಯುತ್ತಿತ್ತು. ರಸ್ತೆ ಮುಗಿದು ಹುಲ್ಲು ಶುರುವಾಗುವ ಕಡೆ ಮಾತ್ರ ಅದರ ಮುಂದಿನ ಪುಟ್ಟ ಗಾಲಿಗಳು ಹೂತು ನಿಂತುಬಿಡುತ್ತಿದ್ದವು. ನನಗೆ ಬೇಕಾದ್ದೆಲ್ಲ ಇದ್ದದ್ದು ಆ ಹುಲ್ಲಿನಲ್ಲೇ.

ನಾನು ನಾಶಿಕದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು. ಹುಟ್ಟಿ ಬೆಳೆದದ್ದು ವಿಜಯಪುರದ ಕಡೆ. ಗಂಡನಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಹಾಗಾಗಿ ಮದುವೆಯಾದಾಗಿನಿಂದ ಇಲ್ಲಿಯವಳೇ ಆದೆ. ಪ್ರತಿ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ವಿದ್ಯಾರ್ಥಿಗಳನ್ನು ತ್ರ್ಯಂಬಕದ ಕಡೆಯ ಗುಡ್ಡಗಳಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಬಂಡೆಗಳ ನಡುವಿನ ತೇವದಲ್ಲಿ ಒಂದು ಸಣ್ಣ ಗಿಡ ಬೆಳೆಯುತ್ತದೆ. ಎಲೆಯ ತುಂಬ ಕೆಂಪು ಕೂದಲು, ಒಂದೊಂದು ಕೂದಲ ತುದಿಗೂ ಒಂದೊಂದು ಅಂಟಿನ ಹನಿ. ಸೊಳ್ಳೆಯೋ ನೊಣವೋ ಬಂದು ಕೂತರೆ ಮುಗಿಯಿತು, ಗಿಡವೇ ಅದನ್ನು ತಿಂದುಬಿಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಡ್ರೊಸೆರಾ ಎನ್ನುತ್ತಾರೆ. ಕಾಲು ಹೋದ ಮೇಲೆ ನಾನು ಅದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ.

ಒಂದು ದಿನ ಊಟದ ಹೊತ್ತಿಗೆ ಗಂಡ ಮೊಬೈಲ್ ತಂದು ನನ್ನೆದುರು ಹಿಡಿದರು. ದಪ್ಪ ಟೈರಿನ ಒಂದು ಕುರ್ಚಿ ಜಲ್ಲಿಕಲ್ಲಿನ ರಾಶಿ ಹತ್ತುತ್ತಿತ್ತು.

“ಏನ್ರಿ ಇದು, ಟ್ರ್ಯಾಕ್ಟರಿನ ಮರಿ ಇದ್ದಂಗ ಐತಲ್ಲ?” ಅಂದೆ.

“ಔರಂಗಾಬಾದ್‌ನ್ಯಾಗ ಮಾಡಾಕತ್ತಾರಂತ. ಬ್ಯಾಟರಿ ಮ್ಯಾಲ ಓಡ್ತೈತಿ. ಹೊಲದಾಗೂ ಹೋಗ್ತೈತಂತ.” ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿದ್ದರೂ ಅವರ ನಾಲಿಗೆಗೆ ಹಳೆಯದೇ ಬರುತ್ತದೆ.

“ಹೋಗಿ ನೋಡೂಣೇನ್ರಿ?”

“ನೋಡೂದಕ್ಕೇನ, ನೋಡೂಣು. ಆದ್ರ ನೋಡಿದಕೂಡ್ಲೆ ಬೇಕಂತ ಕೂಡಬ್ಯಾಡ ನೀ.”

ಇದು ಅವರ ಸ್ವಭಾವ. ಯಾವ ಯಂತ್ರ ಕಂಡರೂ ಅದು ಏನು ಮಾಡುತ್ತದೆ ಎಂದು ನಾನು ಕೇಳುತ್ತೇನೆ, ಎಲ್ಲಿ ಕೆಡುತ್ತದೆ ಎಂದು ಅವರು ಕೇಳುತ್ತಾರೆ. ಜೀವಮಾನವೆಲ್ಲ ವಿಮಾನದ ಕೆಲಸ ಮಾಡಿದವರಿಗೆ ಬೇರೆ ರೀತಿ ಯೋಚಿಸಲು ಬರುವುದಿಲ್ಲವೇನೋ.

ಸಂಭಾಜಿನಗರದ ಹೊರಗೆ, ಕಾರ್ಖಾನೆಗಳ ಸಾಲಿನಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಬಿಚ್ಚಿಟ್ಟ ಎರಡು ಇ-ರಿಕ್ಷಾ, ವೆಲ್ಡಿಂಗಿನ ವಾಸನೆ, ಮಧ್ಯದಲ್ಲಿ ಆ ಕುರ್ಚಿ. ಅದನ್ನು ಮಾಡಿದವರು ನಲವತ್ತರ ಆಸುಪಾಸಿನ ಮರಾಠಿ ಎಂಜಿನಿಯರ್. ನನ್ನನ್ನು ತಾಈ ಎಂದೇ ಕರೆದರು, ಅಂದರೆ ಅಕ್ಕ. ನನ್ನ ಕಾಲಿಗೆ ಏನಾಯಿತು ಎಂದು ಕೇಳುವ ಬದಲು ಅವರು ಮರಾಠಿಯಲ್ಲಿ ಕೇಳಿದ ಮೊದಲ ಮಾತು ಬೇರೆಯೇ ಇತ್ತು.

“ಎಲ್ಲಿಗೆ ಹೋಗಬೇಕು ತಾಈ ನಿಮಗೆ?”

“ಗುಡ್ಡದ ಮೇಲೆ ಒಂದು ಗಿಡ ನೋಡಬೇಕು.”

“ಗಿಡ? ಎಲ್ಲರೂ ದೇವಸ್ಥಾನ ಅಂತಾರೆ, ಹೊಲ ಅಂತಾರೆ.” ಅವರು ಅಲ್ಲೇ ಮೊಬೈಲಿನಲ್ಲಿ ಆ ಗಿಡದ ಚಿತ್ರ ಹುಡುಕಿ, ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. “ಇದು ಇಲ್ಲೇ ನಮ್ಮ ಮಹಾರಾಷ್ಟ್ರದಲ್ಲೇ ಇದೆಯಾ?”

ಕುರ್ಚಿ ನನ್ನದಕ್ಕಿಂತ ಬಹಳ ಎತ್ತರವಿತ್ತು. ಗಂಡ ನನ್ನನ್ನು ಕಂಕುಳಲ್ಲಿ ಹಿಡಿದು ಎತ್ತಿ ಕೂರಿಸಬೇಕಾಯಿತು. ಎದೆಗೆ ಒಂದು ಬೆಲ್ಟು, ತೊಡೆಗೆ ಒಂದು ಬೆಲ್ಟು. ಬಲಗೈಯ ಕೆಳಗೆ ಹೆಬ್ಬೆರಳಿನಷ್ಟು ಗಾತ್ರದ ಜಾಯ್‌ಸ್ಟಿಕ್. ಅದನ್ನು ಚೂರು ಮುಂದಕ್ಕೆ ತಳ್ಳಿದೆ. ಶೆಡ್ಡಿನ ಹಿಂದೆ ಸುರಿದಿದ್ದ ಜಲ್ಲಿಯ ಮೇಲೆ ಕುರ್ಚಿ ಗರಗರ ಹತ್ತಿತು. ತುದಿಯಲ್ಲಿ ನನ್ನ ಮುಖ ಆಕಾಶಕ್ಕಾಯಿತು. ಹೆದರಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಇಳಿಯುವಾಗ ಏನಾಗುತ್ತದೆ ಎಂದು ನೋಡುವ ಆಸೆಯಾಯಿತು. ಇಳಿದೆ. ಮತ್ತೆ ಹತ್ತಿದೆ. ಮೂರನೇ ಸಲಕ್ಕೆ ಗಂಡ “ಸಾಕಿನ್ನ” ಎಂದರು.

ಆಮೇಲೆ ಅವರ ಸರದಿ. ಟೇಪು ಹಿಡಿದು ಕುರ್ಚಿಯ ಸುತ್ತ ಕುಕ್ಕುರುಗಾಲಿನಲ್ಲಿ ಒಂದು ಪ್ರದಕ್ಷಿಣೆ ಹಾಕಿದರು.

“ನಮ್ಮ ಮನಿ ಬಾಗಲದಾಗ ಹಿಡ್ಯೂದಿಲ್ಲ ಇದು. ಲಿಫ್ಟಿನ್ಯಾಗ ಇದು ಹೋದ್ರ ನಾ ಮೆಟ್ಟಿಲಾ ಹತ್ತಿ ಹೋಗ್ಬೇಕ. ನಮ್ಮ ಕಾರಿನ್ಯಾಗ ಹಾಕಾಕ ಬರೂದಿಲ್ಲ.” ಎಂಜಿನಿಯರ್ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, “ನಡುದಾರಿಯಲ್ಲಿ ಬ್ಯಾಟರಿ ಮುಗಿದರೆ ಇಬ್ಬರು ತಳ್ಳಲಿಕ್ಕೆ ಆಗುತ್ತದಾ?”

“ಸಪಾಟು ನೆಲವಾದರೆ ಆಗುತ್ತದೆ. ಏರಿನಲ್ಲಿ ಆಗುವುದಿಲ್ಲ.”

ಆ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ. ಪ್ರತಿ ಆಕ್ಷೇಪಣೆಗೂ “ಖರಂ ಆಹೇ”, ನಿಜ, ಎಂದು ತಲೆಯಾಡಿಸಿದರು. ಕೊನೆಗೆ ತಾವೇ ಹೇಳಿದರು: “ಇಲ್ಲಿ ಜಲ್ಲಿಯ ಮೇಲೆ ನೋಡಿ ಏನೂ ತಿಳಿಯುವುದಿಲ್ಲ. ಮುಂದಿನ ವಾರ ನಾಶಿಕಕ್ಕೆ ಬರುವುದಿದೆ, ಪಿಕಪ್‌ನಲ್ಲಿ ಹಾಕಿಕೊಂಡು ಬರುತ್ತೇನೆ. ನಿಮ್ಮ ಗುಡ್ಡಕ್ಕೇ ಹೋಗೋಣ. ನನಗೂ ಆ ಗಿಡ ನೋಡಬೇಕು.”

ಹೇಳಿದಂತೆಯೇ ಬಂದರು. ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ನಾವು ಮೂವರು ಗುಡ್ಡದ ಬುಡದಲ್ಲಿದ್ದೆವು. ಗಾಡಿಯ ಹಿಂದಿನಿಂದ ಎರಡು ಹಲಗೆ ಇಳಿಸಿ ಕುರ್ಚಿಯನ್ನು ನೆಲಕ್ಕೆ ತಂದು, ನನ್ನನ್ನು ಕೂರಿಸಿ, ಬೆಲ್ಟು ಬಿಗಿದರು. ಎತ್ತಿನ ಗಾಡಿಯ ದಾರಿಯೊಂದು ಓರೆಯಾಗಿ ಮೇಲೆ ಹೋಗುತ್ತಿತ್ತು.

ಮೊದಲಿನ ಅರ್ಧ ದಾರಿ ಹೇಗಿತ್ತೆಂದರೆ, ಹುಲ್ಲು ನನ್ನ ಪಾದಗಳಿಗೆ ತಗಲಿ ಸರ್ ಸರ್ ಎಂದು ಸದ್ದು ಮಾಡುತ್ತಿತ್ತು. ಪಾದಕ್ಕೆ ಅದು ಗೊತ್ತಾಗಲಿಲ್ಲ, ಕಿವಿಗೆ ಗೊತ್ತಾಯಿತು. ಉರುಟು ಕಲ್ಲಿನ ಒಂದು ಸಣ್ಣ ಹಳ್ಳವನ್ನು ಕುರ್ಚಿ ತೂಗಾಡುತ್ತ ದಾಟಿತು. ಗಂಡ ಪಕ್ಕದಲ್ಲಿ ಏದುಸಿರು ಬಿಡುತ್ತ ನಡೆಯುತ್ತಿದ್ದರು. ನಾನು ಮುಂದೆ ಹೋಗಿ ಅವರಿಗಾಗಿ ನಿಂತೆ. ನಾನು ಅವರಿಗಾಗಿ ಕಾಯುವುದು ಬಹಳ ಕಾಲದ ಮೇಲೆ ಆಗಿತ್ತು.

“ನಗಬ್ಯಾಡ,” ಎಂದರು ಹತ್ತಿರ ಬಂದು.

ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ದಾರಿಗೆ ಅಡ್ಡ ಬಂದು ನಿಂತಳು. “ಹೇ ಕಾಯ ಗ ಬಾಈ?” ಇದೇನಮ್ಮ ಇದು ಎಂದು. ನಡೆಯಲು ಬಾರದವರಿಗೆ ಮಾಡಿದ ಕುರ್ಚಿ ಎಂದೆ. ಅವಳು ಸುತ್ತ ಬಂದು ಟೈರು ಒತ್ತಿ ನೋಡಿದಳು. ಹಿಂದೆ ಒಂದು ಹುಲ್ಲಿನ ಹೊರೆ ಕಟ್ಟಿದರೆ ಎಳೆಯುತ್ತದೆಯೇ ಎಂದು ಕೇಳಿದಳು. ಎಳೆಯುತ್ತದೆ ಎಂದರು ಎಂಜಿನಿಯರ್. “ಹಾಗಾದರೆ ನನಗೂ ಒಂದು ಮಾಡಿಕೊಡಪ್ಪ, ನನ್ನ ಮೊಣಕಾಲೂ ಹೋಗಿವೆ,” ಎಂದು ನಗುತ್ತ ದಾರಿ ಬಿಟ್ಟಳು.

ಅಲ್ಲಿಂದ ಸ್ವಲ್ಪ ಮೇಲೆ ಕರಿಮಣ್ಣು ಬಂತು. ಅದು ಕೆಸರಲ್ಲ, ಅಂಟು. ಟೈರಿನ ಹಲ್ಲುಗಳ ಸಂದಿಯಲ್ಲೆಲ್ಲ ತುಂಬಿಕೊಂಡು ಟೈರೇ ಬೋಳಾಯಿತು. ಮುಂದೆ ತಳ್ಳಿದರೆ ಗಾಲಿ ನಿಂತಲ್ಲೇ ತಿರುಗುತ್ತಿತ್ತು, ಹಿಂದೆ ಎಳೆದರೆ ಕುರ್ಚಿ ಪಕ್ಕಕ್ಕೆ ಜಾರುತ್ತಿತ್ತು. ನನ್ನ ಮಾಮೂಲಿ ಕುರ್ಚಿಯಾಗಿದ್ದರೆ ಇಬ್ಬರು ನನ್ನನ್ನು ಸೇರಿಸಿ ಎತ್ತಿಬಿಡುತ್ತಿದ್ದರು. ಇದು ಅಲುಗಲಿಲ್ಲ. ಗಂಡ ಮಣ್ಣು ಕೆದರಲು ಕಡ್ಡಿ ಹುಡುಕಿದರು.

ಕೆಳಗಿನ ಭತ್ತದ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರನ್ನು ಎಂಜಿನಿಯರ್ ಕೂಗಿ ಕರೆದರು. ಅವರು ಚಪ್ಪಟೆ ಕಲ್ಲುಗಳನ್ನು ಗಾಲಿಯ ಮುಂದೆ ಹಾಸಿದರು. ಗಂಡ ಕಡ್ಡಿಯಿಂದ ಟೈರಿನ ಮಣ್ಣು ಕೆದರಿ ತೆಗೆದರು. ಹಗ್ಗ ಕಟ್ಟಿ ಎಳೆದಾಗ ಕುರ್ಚಿ ಒಮ್ಮೆ ಗುಟುರು ಹಾಕಿ ಗಟ್ಟಿ ನೆಲಕ್ಕೆ ಬಂತು. “ಮಳೆಗಾಲದಲ್ಲಿ ಇಲ್ಲಿಗೆ ಎತ್ತುಗಳೇ ಬರುವುದಿಲ್ಲ,” ಎಂದು ಹೇಳಿ ಆ ಇಬ್ಬರು ಗದ್ದೆಗೆ ಮರಳಿದರು.

ಮೇಲೆ, ಗುಡ್ಡದ ಬಯಲಿನಲ್ಲಿ, ನೆಲವೆಲ್ಲ ನೇರಳೆಯಾಗಿತ್ತು. ಬೆರಳುದ್ದದ ಗಿಡಗಳಲ್ಲಿ ಸಾವಿರಾರು ಪುಟ್ಟ ಹೂಗಳು. ನಾನು ಖುಷಿಯಲ್ಲಿ ಒಂದಷ್ಟು ದೂರ ಹೋಗಿ, ಗಂಡ ಎಲ್ಲಿದ್ದಾರೆಂದು ತಿರುಗಿ ನೋಡಿದೆ. ಹಿಂದೆ ಎರಡು ಅಗಲವಾದ ಪಟ್ಟೆಗಳು. ಹೂಗಳೆಲ್ಲ ಮಣ್ಣಿನಲ್ಲಿ ಅರೆದುಹೋಗಿದ್ದವು. ಹುಡುಗರು ಇಲ್ಲಿ ಹರಡಿಕೊಂಡು ನಡೆಯಬಾರದು ಎಂದು ಎಷ್ಟು ಸಲ ಗದರಿದ್ದೆ ನಾನು. ಟೈರು ಅಗಲವಿದ್ದಷ್ಟೂ ಹೂತುಹೋಗುವುದಿಲ್ಲ ಎಂದು ಎಂಜಿನಿಯರ್ ವಿವರಿಸಿದ್ದರು. ಅಗಲವಿದ್ದಷ್ಟೂ ತುಳಿಯುತ್ತದೆ ಎನ್ನುವುದು ನನಗೂ ಅವರಿಗೂ ಹೊಳೆದಿರಲಿಲ್ಲ. ಅಲ್ಲಿಂದ ಮುಂದೆ ಬರೀ ಬಂಡೆಯ ಮೇಲೆಯೇ, ಸುತ್ತು ದಾರಿಯಲ್ಲಿ ಹೋದೆ.

ಬಂಡೆಯ ಅಂಚಿನ ತೇವದಲ್ಲಿ ಕೆಂಪು ಚುಕ್ಕೆಗಳು ಕಂಡವು. ಅದೇ ಗಿಡ. ಆದರೆ ನಾನು ಕೂತ ಎತ್ತರದಿಂದ ಅವು ಬರೀ ಚುಕ್ಕೆಗಳೇ. ಬಗ್ಗಿದೆ, ಎದೆಯ ಬೆಲ್ಟು ತಡೆಯಿತು. ಬೆಲ್ಟು ಬಿಚ್ಚಿದರೆ ಮುಂದಕ್ಕೆ ಮುಗ್ಗರಿಸುತ್ತಿದ್ದೆ. ಇಷ್ಟು ದೂರ ಬಂದು, ಕೈಗೆ ನಿಲುಕದಷ್ಟು ಮೇಲೆ ಕೂತಿದ್ದೆ.

“ನನ್ನ ಕೆಳಗ ಇಳಸ್ರಿ,” ಅಂದೆ.

“ಎಲ್ಲಿ, ನೆಲದ ಮ್ಯಾಲ?”

“ಹೂಂ. ಡಬ್ಬ ಮಲಗ್ತೀನಿ.”

ಅವರು ಎಂಜಿನಿಯರ್ ಮುಖ ನೋಡಿದರು. ಆಮೇಲೆ ಪಿಕಪ್‌ನಿಂದ ತಂದಿದ್ದ ತಾಡಪತ್ರಿ ಹಾಸುವ ಮೊದಲು, ಆ ಜಾಗದ ಹರಳುಗಳನ್ನೆಲ್ಲ ಅಂಗೈಯಿಂದ ಸವರಿ ತೆಗೆದರು. ನನ್ನ ತೊಡೆಗೆ, ಮೊಣಕಾಲಿಗೆ ಕಲ್ಲು ಚುಚ್ಚಿದರೆ ನನಗೆ ತಿಳಿಯುವುದಿಲ್ಲ, ಗಾಯವಾದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಇಬ್ಬರೂ ಸೇರಿ ನನ್ನನ್ನು ಇಳಿಸಿ ಬೋರಲಾಗಿ ಮಲಗಿಸಿದರು. ಗದ್ದದ ಕೆಳಗೆ ಒದ್ದೆ ಮಣ್ಣಿನ ವಾಸನೆ. ಕಣ್ಣಿನ ಮುಂದೆ, ಮೂಗಿಗೆ ತಗಲುವಷ್ಟು ಹತ್ತಿರ, ಆ ಎಲೆ. ಭೂತಗನ್ನಡಿ ಹಿಡಿದೆ. ಒಂದು ಸಣ್ಣ ಸೊಳ್ಳೆ ಸಿಕ್ಕಿಬಿದ್ದಿತ್ತು, ಇನ್ನೂ ಒಂದು ಕಾಲು ಆಡಿಸುತ್ತಿತ್ತು. ಸುತ್ತಲಿನ ಕೂದಲುಗಳು ಅದರ ಕಡೆಗೇ ಬಾಗಿದ್ದವು.

ಪಕ್ಕದಲ್ಲಿ ಏನೋ ಸದ್ದಾಯಿತು. ನೋಡಿದರೆ ಗಂಡನೂ ಅಂಗಿ ಕೊಳೆಯಾಗುವುದನ್ನು ಲೆಕ್ಕಿಸದೆ ಬೋರಲಾಗಿ ಮಲಗಿದ್ದಾರೆ. ನಾನು ಇಷ್ಟು ವರ್ಷ ಈ ಗಿಡದ ಬಗ್ಗೆ ಮಾತಾಡಿದಾಗೆಲ್ಲ ಹೂಂಗುಟ್ಟಿದವರು, ಒಮ್ಮೆಯೂ ನೋಡಲು ಬಂದವರಲ್ಲ.

“ಖರೇನ ತಿಂತೈತೇನು? ಬಾಯಿ ಎಲ್ಲೈತಿ ಇದಕ್ಕ?”

“ಬಾಯಿ ಇಲ್ರಿ. ಎಲಿನ ಹೊಟ್ಟಿ.”

“ಮತ್ತ ಇದಕ್ಕ ಮಳಿ ಹನಿ ಯಾವುದು, ಸೊಳ್ಳಿ ಯಾವುದು ಅಂತ ಹೆಂಗ ಗೊತ್ತಾಗ್ತೈತಿ?”

ಒಳ್ಳೆಯ ಪ್ರಶ್ನೆ. ಹುಡುಗರು ಯಾರೂ ಕೇಳಿರಲಿಲ್ಲ. ಒದ್ದಾಡುವ ಜೀವ ಕೂದಲನ್ನು ಮತ್ತೆ ಮತ್ತೆ ಅಲುಗಿಸುತ್ತದೆ, ಅದರ ಮೈಯಿಂದ ಏನಾದರೂ ಕರಗಿ ಎಲೆಗೆ ತಾಗುತ್ತದೆ, ಹನಿಯಿಂದ ಅದು ಸಿಗುವುದಿಲ್ಲ ಎಂದು ನನಗೆ ತಿಳಿದಷ್ಟು ಹೇಳಿದೆ. ನಮ್ಮ ಹಿಂದೆ ಎಂಜಿನಿಯರ್ ಮಂಡಿಯೂರಿ ಕೂತು, ಕನ್ನಡ ತಿಳಿಯದಿದ್ದರೂ, ತಮ್ಮ ಸರದಿಗಾಗಿ ಕಾಯುತ್ತಿದ್ದರು. ಭೂತಗನ್ನಡಿ ಕೊಟ್ಟೆ.

ನನ್ನನ್ನು ಮತ್ತೆ ಕುರ್ಚಿಗೆ ಹತ್ತಿಸುವುದೇ ಅಂದಿನ ಅತಿ ಕಷ್ಟದ ಕೆಲಸವಾಯಿತು. ನೆಲದಿಂದ ಅಷ್ಟು ಎತ್ತರದ ಸೀಟಿಗೆ, ಜಾರುವ ಬಂಡೆಯ ಮೇಲೆ ನಿಂತು ಎತ್ತಬೇಕು. ಮೊದಲ ಸಲ ಅರ್ಧಕ್ಕೆ ಎತ್ತಿ ಮತ್ತೆ ಇಳಿಸಿದರು. ಎರಡನೇ ಸಲ ಗಂಡನ ಬೆನ್ನು ಹಿಡಿದುಕೊಂಡಿತು. ಕೊನೆಗೆ ನನ್ನನ್ನು ಮೊದಲು ಒಂದು ಕಲ್ಲಿನ ಮೇಲೆ ಕೂರಿಸಿ, ಅಲ್ಲಿಂದ ಕುರ್ಚಿಗೆ ದಾಟಿಸಿದರು. ಎಂಜಿನಿಯರ್ ಬೆವರು ಒರೆಸಿಕೊಳ್ಳುತ್ತ ಬಹಳ ಹೊತ್ತು ಸೀಟನ್ನೇ ನೋಡುತ್ತಿದ್ದರು.

“ಹೋಗುವುದರ ಬಗ್ಗೆಯೇ ಯೋಚಿಸಿದ್ದೆ ತಾಈ,” ಎಂದರು. “ಹೋದ ಮೇಲೆ ಜನ ಏನು ಮಾಡುತ್ತಾರೆ ಅಂತ ಯೋಚಿಸಿರಲಿಲ್ಲ. ಸೀಟು ಕೆಳಗೆ ಇಳಿಯಬೇಕು.”

ಆ ಕುರ್ಚಿಯನ್ನು ನಾವು ಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಹಲವು ದಿನ ಅದೇ ಮಾತು ನಡೆಯಿತು. ಬಾಗಿಲು, ಲಿಫ್ಟು, ಕರಿಮಣ್ಣು ಎಂದು ಗಂಡ ಹೇಳಿದ್ದೆಲ್ಲ ಸರಿಯಾಗಿತ್ತು. ಅದನ್ನು ಸಾಗಿಸಲು ಒಂದು ಟೆಂಪೋ, ಜೊತೆಗೆ ಗಟ್ಟಿಯಾದ ಇಬ್ಬರು ಬೇಕು. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ವಸ್ತುವನ್ನು ಉಳಿದ ದಿನ ಎಲ್ಲಿಡುವುದು? ಆದರೆ ಅದು ನನ್ನನ್ನು ಗುಡ್ಡದ ಮೇಲೆ ಕೊಂಡೊಯ್ದದ್ದೂ ಸುಳ್ಳಲ್ಲವಲ್ಲ. ಉಪಯೋಗವಿಲ್ಲ ಎಂದು ಅವರೂ ಹೇಳಲಿಲ್ಲ, ಬೇಕೇ ಬೇಕು ಎಂದು ನಾನೂ ಹೇಳಲಿಲ್ಲ.

ಚಳಿಗಾಲದಲ್ಲಿ ಸಂಭಾಜಿನಗರದಿಂದ ಫೋನ್ ಬಂತು. ಸೀಟು ಇಳಿಯುವ ಹಾಗೆ ಮಾಡಿದ್ದಾರೆ, ಬಂದು ನೋಡಬೇಕು ಎಂದು. ಹೋದೆವು. ಆಗ ಸೀಟು ಇಳಿಯಿತು, ಆದರೆ ಕುರ್ಚಿ ಓರೆಯಾಯಿತು. ಎರಡು ತಿಂಗಳಾದ ಮೇಲೆ ಮತ್ತೆ ಹೋದೆವು. ಈಗ ಅದೊಂದು ರೂಢಿಯೇ ಆಗಿದೆ. ನಾನು ಕೂತು ನೋಡಿ ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಹೇಳುತ್ತೇನೆ. ಗಂಡ ಅದರ ಹೊಟ್ಟೆಯ ಕೆಳಗೆ ತಲೆ ಹಾಕುತ್ತಾರೆ, ಅವರಿಬ್ಬರೂ ಮರಾಠಿಯಲ್ಲಿ ಜಗಳವಾಡುತ್ತಾರೆ. ಶೆಡ್ಡಿನವರು ಒಂದು ಕುರ್ಚಿಯನ್ನು ಬಾಡಿಗೆಗೆಂದೇ ಇಟ್ಟಿದ್ದಾರೆ. ನಮಗೆ ಅಷ್ಟೇ ಸಾಕಾಗಿದೆ.

ಕಳೆದ ಬಾರಿ ಅದನ್ನು ತರಿಸಿಕೊಂಡದ್ದು ಸಟಾಣಾಕ್ಕೆ. ನನ್ನ ಜೊತೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಗೆಳತಿಗೆ ಅಲ್ಲಿ ದಾಳಿಂಬೆ ತೋಟವಿದೆ. ಒಣ ನೆಲ, ಸಾಲುಗಳ ನಡುವೆ ಬೇಕಾದಷ್ಟು ಜಾಗ. ಹನಿ ನೀರಾವರಿಯ ಪೈಪು ಬಂದಲ್ಲೆಲ್ಲ ಗೆಳತಿ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದಳು, ನಾನು ದಾಟುತ್ತಿದ್ದೆ. ಒಂದು ಗಿಡದ ಹತ್ತಿರ ಸೀಟು ಇಳಿಸಿದೆ. ಚೆನ್ನಾಗಿ ಇಳಿಯಿತು. ಏರಿಸುವಾಗ ನಡುವೆ ನಿಂತುಬಿಟ್ಟಿತು. ಗುಂಡಿ ಒತ್ತಿದರೆ ಗುಂಯ್ ಎನ್ನುತ್ತದೆ, ಏರುವುದಿಲ್ಲ. ಗಂಡ ಶೆಡ್ಡಿಗೆ ಫೋನ್ ಹಚ್ಚಿ ತೋಟದ ಬೇಲಿಯ ಕಡೆ ನಡೆದರು, ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ.

ನಾನು ಕೂತಲ್ಲಿಂದ ಕೆಳಗಿನ ಕೊಂಬೆಯ ಹಣ್ಣು ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ಅದರಲ್ಲಿ ಒಂದು ದುಂಡನೆಯ ತೂತು.

“ಹುಳ ಬಿದ್ದಿದೆ, ಕಿತ್ತು ಬಿಸಾಡು,” ಎಂದಳು ಗೆಳತಿ ಮರಾಠಿಯಲ್ಲಿ.

“ತಡಿ,” ಎಂದೆ. ತೂತಿನ ಬಾಯಿಗೆ ಹುಳದ ಹಿಂಭಾಗ ಬಿರಡೆಯ ಹಾಗೆ ಕೂತಿತ್ತು, ಒಳಗೆ ಯಾರೂ ಬರದಂತೆ. ಹೀಗೆಯೇ ಬಿಟ್ಟರೆ ಒಂದು ದಿನ ಚಿಟ್ಟೆಯಾಗಿ ಹೊರಬರುತ್ತದೆ ಎಂದು ಅವಳಿಗೆ ಹೇಳಿದೆ. ತನ್ನ ಹಣ್ಣು ತಿನ್ನುವುದು ಚಿಟ್ಟೆಯ ಮರಿ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು. ಬೇಲಿಯ ಕಡೆಯಿಂದ ಗಂಡನ ಜೋರು ಮರಾಠಿ ಕೇಳುತ್ತಿತ್ತು. ನಾವಿಬ್ಬರೂ ಆ ತೂತನ್ನೇ ನೋಡುತ್ತ ಕೂತೆವು, ಹುಳ ಅಲುಗುತ್ತದೇನೋ ಎಂದು.